ಕೋವಿ ತೊಳೆಯುವವರು ಯಾರು?

ಮಗಳ ಬಾಣಂತನಕ್ಕೆ ಅಂತ ಹೆಂಡತಿಯ ಜೊತೆ ಅಮೆರಿಕಕ್ಕೆ ಹೋದ ಗಂಡಸಿಗೆ ಅಲ್ಲಿ ಏನು ಕೆಲಸ ಅಂತ ನೀವು ಯಾರಾದರೂ ಯೋಚನೆ ಮಾಡಿದ್ದೀರಾ? ನಮ್ಮನೆಯವಳಿಗೆ ಕೈತುಂಬ ಕೆಲಸ. ಎಣ್ಣೆ ಕಾಯಿಸಬೇಕು, ಮಗುವಿಗೆ ನೀರೆರೆಯಬೇಕು, ಊರಿಂದ ಹೊತ್ತು ತಂದ ಲೇಹ್ಯವನ್ನು ಮಗಳಿಗೆ ಗದರಿಸಿ ತಿನ್ನಿಸಬೇಕು. ನನಗೆ ಸಿಕ್ಕಿದ್ದು ಒಂದೇ ಖಾತೆ. ಬುಧವಾರ ರಾತ್ರಿ ಕಸದ ಡಬ್ಬಿಯನ್ನು ರಸ್ತೆಯ ಅಂಚಿಗೆ ಎಳೆದು ಇಡುವುದು, ಗುರುವಾರ ಬೆಳಿಗ್ಗೆ ಖಾಲಿ ಡಬ್ಬಿಯನ್ನು ವಾಪಸ್ಸು ಎಳೆದು ತರುವುದು. ಮಿಕ್ಕ ಐದು ದಿನ ರಜೆ. ಇಷ್ಟು ರಜೆ ಇರುವ ಮನುಷ್ಯ ಬಾಯಿ ಮುಚ್ಚಿಕೊಂಡು ಇರಲಾರ. ಒಂದು ರಾತ್ರಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಅಂದುಬಿಟ್ಟೆ: "ನಮ್ಮ ಅಜ್ಜಯ್ಯನ ಹತ್ತಿರ ಒಂದು ಕೇಪಿನ ಕೋವಿ ಇತ್ತು."

ಅಳಿಯಂದಿರ ಕೈಯಲ್ಲಿದ್ದ ಚಪಾತಿ ತಟ್ಟೆಗೆ ಬಿತ್ತು.

"ಮಾವ, ನಿಮಗೆ ಮಜಲ್‌ಲೋಡರ್ ಗೊತ್ತಾ?"

ನನಗೆ ಗೊತ್ತಿದ್ದದ್ದು ಕೋವಿ. ಬಾಯಿಂದ ಮದ್ದು ತುಂಬುವ ಕೋವಿಗೆ ಆ ಹೆಸರಿದೆ ಅಂತ ಗೊತ್ತಾದದ್ದು ಅವತ್ತೇ. ಆದರೆ ಅಳಿಯನ ಎದುರು 'ಗೊತ್ತಿಲ್ಲ' ಅನ್ನುವ ಮಾವ ಇನ್ನೂ ಹುಟ್ಟಿಲ್ಲ. "ಗೊತ್ತಿಲ್ಲದೆ ಏನು, ಅದರ ಹೊಗೆ ಕುಡಿದೇ ಬೆಳೆದವರು ನಾವು" ಅಂದೆ. ಮಗಳು ನನ್ನ ಕಡೆ ಒಂದು ಥರ ನೋಡಿದಳು. ಆ ನೋಟದ ಅರ್ಥ ನನಗೆ ಆಮೇಲೆ ಆಯಿತು.

ಅಳಿಯಂದಿರ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಬಹಳ ಒಳ್ಳೆಯವರು. ಕುಡಿತ ಇಲ್ಲ, ಸಿಡುಕು ಇಲ್ಲ. ಇರುವ ಒಂದೇ ಚಟ ಅಂದರೆ ಯಾವ ಸಾಮಾನನ್ನೂ ಸುಮ್ಮನೆ ಕೊಳ್ಳದಿರುವುದು. ಎಕ್ಸೆಲ್ ಹಾಳೆ ತೆರೆದು, ಕೆಂಪು ಹಸಿರು ಬಣ್ಣ ಬಳಿದು, ಅಂಕ ಹಾಕಿ, ಕೂಡಿ ಕಳೆದು ಕೊಳ್ಳಬೇಕು. ಮಗುವಿನ ತೊಟ್ಟಿಲಿಗೂ ಹೀಗೇ ಮಾಡಿದ್ದರು. ತೊಟ್ಟಿಲು ಮನೆಗೆ ಬರುವ ಹೊತ್ತಿಗೆ ಮಗುವಿಗೆ ಹತ್ತೊಂಬತ್ತು ದಿನ. ಅಷ್ಟು ದಿನವೂ ಅದು ನಮ್ಮನೆಯವಳ ಹಳೇ ಸೀರೆಯ ಜೋಲಿಯಲ್ಲೇ ಸುಖವಾಗಿ ಮಲಗಿತ್ತು. ಅದನ್ನು ಎತ್ತಿ ಆಡಲಿಲ್ಲ, ಬಿಡಿ.

ಇವರಿರುವುದು ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ ಜಿಂಕೆ ಬೇಟೆ ಅಂದರೆ ನಮ್ಮ ಕಡೆಯ ಮಾರಿಜಾತ್ರೆ ಇದ್ದ ಹಾಗೆ. ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಶನಿವಾರ ರೈಫಲ್ ಬೇಟೆ ಶುರು. ಮುಂದಿನ ಸೋಮವಾರ ಎಷ್ಟೋ ಊರುಗಳಲ್ಲಿ ಶಾಲೆಗೇ ರಜೆ. ಅಳಿಯಂದಿರ ಆಫೀಸಿನಲ್ಲಿ ಅವತ್ತು ಕೂತಿರುವುದು ಇವರೊಬ್ಬರು, ಹೈದರಾಬಾದಿನ ಇನ್ನೊಬ್ಬರು, ಮತ್ತು ಕಾಫಿ ಯಂತ್ರ. ಎಂಟು ವರ್ಷ ಹೀಗೆ ಕೂತು ಕೂತು ಬೇಸರ ಬಂದಿತ್ತು. ಗ್ರೀನ್ ಕಾರ್ಡ್ ಕೈಗೆ ಸಿಕ್ಕಿದ್ದೇ ಬೇಟೆಗಾರರ ತರಬೇತಿಗೆ ಹೋಗಿ, ಪರೀಕ್ಷೆ ಬರೆದು, ಸರ್ಟಿಫಿಕೇಟು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಜಿಂಕೆಗಳ ಕಡೆಯಿಂದಲೂ ಕೆಣಕುವುದು ನಡೆದಿತ್ತು. ಮಗಳು ಹಿತ್ತಲಲ್ಲಿ ಹಾಕಿದ್ದ ಹುರುಳಿಕಾಯಿ ಬಳ್ಳಿಗಳನ್ನು ಆ ವರ್ಷ ಕೊಯ್ಲು ಮಾಡಿದ್ದು ಅವೇ.

"ರೈಫಲ್ಲೇ ತಗೊಳ್ಳಬಹುದಲ್ಲ? ಈ ಓಬಿರಾಯನ ಕಾಲದ ಕೋವಿ ಯಾಕೆ?" ಅಂದೆ.

ಅದಕ್ಕೆ ಲೆಕ್ಕಾಚಾರ ಇತ್ತು. ರೈಫಲ್ಲಿನ ಬೇಟೆಗೆ ಇಡೀ ರಾಜ್ಯವೇ ಕಾಡಿಗೆ ಇಳಿಯುತ್ತದೆ. ಬಾಯಿಂದ ಮದ್ದು ತುಂಬುವ ಕೋವಿಯವರಿಗೆ ಬೇರೆಯೇ ದಿನಗಳನ್ನು ಬಿಟ್ಟಿದ್ದಾರೆ. ಅಕ್ಟೋಬರಿನಲ್ಲಿ ಒಂದು ವಾರ, ಕೊಂಬಿಲ್ಲದ ಜಿಂಕೆಗೆ. ಆಮೇಲೆ ಕ್ರಿಸ್‌ಮಸ್ಸಿನ ಮರುದಿನದಿಂದ ಜನವರಿ ನಡುವಿನವರೆಗೆ ಇನ್ನೊಂದು. ಜನ ಕಡಿಮೆ, ಕಾಡು ಖಾಲಿ. ಅದೂ ಅಲ್ಲದೆ ಈ ಕೋವಿ ಅಲ್ಲಿನ ಕೇಂದ್ರ ಸರ್ಕಾರದ ಕಣ್ಣಿಗೆ ಕೋವಿಯೇ ಅಲ್ಲ. 1968ರ ಬಂದೂಕು ಕಾನೂನು ಇದನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸಿದೆ. ತೋಟಾ ಹಾಕಲು ಬರದ, ಕರಿಮದ್ದು ಇಲ್ಲವೇ ಅದರ ಬದಲಿ ಮದ್ದು ಮಾತ್ರ ತಿನ್ನುವ ಕೋವಿಯನ್ನು, ನಿನ್ನೆ ಕಾರ್ಖಾನೆಯಿಂದ ಹೊರಬಂದಿದ್ದರೂ, ಬಹಳಷ್ಟು ರಾಜ್ಯಗಳಲ್ಲಿ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಪಕ್ಕದ ನ್ಯೂಜೆರ್ಸಿಯಂಥ ಕೆಲವರು ಮಾತ್ರ 'ಇದೂ ಕೋವಿಯೇ' ಅಂತ ಪಟ್ಟು ಹಿಡಿದಿದ್ದಾರೆ.

ಇದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ನಮ್ಮ ಅಜ್ಜಯ್ಯ ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬರುತ್ತವೆ ಅಂತ ಬೆಳೆ ಕಾಯುವ ಲೈಸೆನ್ಸು ಇಟ್ಟುಕೊಂಡಿದ್ದವರು. ಅದರ ನವೀಕರಣಕ್ಕೆ ತಾಲೂಕು ಕಚೇರಿ ಸುತ್ತಿ ಸವೆಸಿದ ಚಪ್ಪಲಿಯಲ್ಲಿ ಇನ್ನೆರಡು ಕೋವಿ ಬರುತ್ತಿತ್ತು. ಈಗಲೂ ಮಲೆನಾಡಿನಲ್ಲಿ ಕೋವಿ ಇರುವವರನ್ನು ಕೇಳಿ: ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ತವರಿಗೆ ಹೋದ ಹಾಗೆ ಹೋಗುತ್ತದೆ. ಅತ್ತ ಮತ ಎಣಿಕೆ ಮುಗಿಯುವಷ್ಟರಲ್ಲಿ ಇತ್ತ ಹಂದಿಗಳು ಗದ್ದೆ ಎಣಿಸಿ ಮುಗಿಸಿರುತ್ತವೆ. ಲೈಸೆನ್ಸಿನಿಂದ ಹಳೆಯ ವಿನಾಯಿತಿ ಉಳಿಸಿಕೊಂಡ ಕೊಡಗಿನ ಕೊಡವರು, ಜಮ್ಮಾ ಹಿಡುವಳಿಯವರು ಪುಣ್ಯವಂತರು. ಇನ್ನು ಬೇಟೆ? 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅದು ನಮ್ಮಲ್ಲಿ ಕಥೆ ಹೇಳುವುದಕ್ಕೆ ಮಾತ್ರ ಉಳಿದಿದೆ. ಆ ಕಥೆಯನ್ನೇ ನಾನು ಅಳಿಯಂದಿರಿಗೆ ಬಡಿಸಿದ್ದು.

ಒಂದು ಶನಿವಾರ ಅಂಗಡಿಗೆ ಹೊರಟೆವು. ಅಂಗಡಿಯೇ ಅದು? ಶಿವಮೊಗ್ಗದ ಬಸ್ ಸ್ಟ್ಯಾಂಡಿನಷ್ಟು ಇತ್ತು. ಒಂದು ಕಡೆ ಗಾಳದ ಕೋಲು, ಒಂದು ಕಡೆ ದೋಣಿ, ನಡುವೆ ಒಣ ಹುಲ್ಲು ಕಟ್ಟಿಕೊಂಡು ನಿಂತ ಬೊಂಬೆಗಳು. ಗಡ್ಡದ ಹುಡುಗನೊಬ್ಬ ಬಂದು, ಯಾರಿಗೆ, ಎಂಥ ಬೇಟೆಗೆ ಅಂತ ಒಂದೂ ಮಾತು ಕೇಳದೆ, ಕಪ್ಪು ಪ್ಲಾಸ್ಟಿಕ್ಕಿನ ಹಿಡಿಯ ಒಂದು ವಸ್ತು ತಂದು ಅಳಿಯಂದಿರ ಕೈಗಿಟ್ಟ. ಮೇಲೆ ದುರ್ಬೀನು. ನಡುವೆ ಮಡಚುತ್ತದೆ. ನಾನು ಸೈಕಲ್ ಪಂಪು ಅಂದುಕೊಂಡೆ.

"ಇದೇ ಮಾವ, ಇನ್‌ಲೈನ್."

"ಕೇಪಿಗೆ ಬಡಿಯುವ ಕುದುರೆ ಎಲ್ಲಿ? ಕೇಪು ಎಲ್ಲಿ ಕೂರಿಸುತ್ತಾರೆ?"

ಹುಡುಗ ಕೋವಿಯನ್ನು ಮಡಚಿ ತೋರಿಸಿದ. ನಳಿಗೆಯ ಹಿಂಬದಿಯ ಬಿರಡೆಯ ನಟ್ಟ ನಡುವೆ ಒಂದು ತೂತು. ಅದರೊಳಗೆ ತೋಟಾ ಕೋವಿಯ ಪ್ರೈಮರು. 209 ಅಂತ ಅದರ ನಂಬರು. ಕಿಡಿ ನೇರ ಮದ್ದಿನ ಬೆನ್ನಿಗೇ ಬೀಳುತ್ತದೆ, ಒಂದೇ ಸಾಲಿನಲ್ಲಿ. ಅದಕ್ಕೇ ಆ ಹೆಸರು. ಮಳೆಗೂ ಜಗ್ಗುವುದಿಲ್ಲ, ಛಳಿಗೂ ಜಗ್ಗುವುದಿಲ್ಲ. ಮಿಸೌರಿಯ ಟೋನಿ ನೈಟ್ ಅನ್ನುವವರು 1985ರಲ್ಲಿ ಎಂಕೆ-85 ಅಂತ ಒಂದನ್ನು ಮಾಡಿ ಮಾರತೊಡಗಿದ ಮೇಲೆ ಇದರ ದಂಡೇ ಹುಟ್ಟಿತು. ಹಳೇ ಕಾಲದ ಬೇಟೆ ಬೇಕು ಅಂತ ಸರ್ಕಾರದಿಂದ ಬೇರೆ ದಿನ ಕೇಳಿ ಪಡೆದವರ ಕೈಗೆ ಹೊಸ ಕಾಲದ ಕೋವಿ ಬಂತು. ಇದಕ್ಕೆ ಅಲ್ಲಿ ಇವತ್ತಿಗೂ ಜಗಳ ಇದೆ. ಉಪವಾಸದ ದಿನ ಅಂತ ಹೇಳಿ ಎಂಟು ಬಗೆಯ ಫಲಾಹಾರ ತಿನ್ನುವವರ ಊರಿಂದ ಬಂದ ನನಗೆ ಆ ಜಗಳ ಚೆನ್ನಾಗಿ ಅರ್ಥವಾಯಿತು.

ಪಕ್ಕದ ಗೋಡೆಗೆ ಇನ್ನೊಂದು ತೂಗುಹಾಕಿತ್ತು. ಅದನ್ನು ನೋಡಿದ್ದೇ ನನಗೆ ಅಜ್ಜಯ್ಯ ಕಂಡ ಹಾಗಾಯಿತು. ಆಕ್ರೋಟ ಮರದ ಹಿಡಿ, ಹಿತ್ತಾಳೆಯ ಕಟ್ಟು, ಬಲಗಡೆ ಬಾಗಿದ ಕುದುರೆ, ಅದರಡಿ ಕೇಪು ಕೂರುವ ಮೊಲೆ. ಹಾಕನ್ ಅಂತ ಹೆಸರು. ಸೇಂಟ್ ಲೂಯಿಸ್ ಊರಿನಲ್ಲಿ ಜೇಕಬ್, ಸ್ಯಾಮ್ಯುಯೆಲ್ ಅನ್ನುವ ಅಣ್ಣತಮ್ಮಂದಿರು ಪಶ್ಚಿಮದ ಗುಡ್ಡಗಾಡಿಗೆ ಹೋಗುವವರಿಗೆ ಮಾಡಿಕೊಡುತ್ತಿದ್ದ ಕೋವಿ. 1970ರಲ್ಲಿ ಅದೇ ಹೆಸರಿನಲ್ಲಿ ಹೊಸದಾಗಿ ಮಾಡಿ ಮಾರಿದಾಗಲೇ ಅಮೆರಿಕದವರಿಗೆ ಈ ಹುಚ್ಚು ಮತ್ತೆ ಕೆದರಿದ್ದು. ಅದರ ಪಕ್ಕ ಇನ್ನೂ ಉದ್ದ, ಇನ್ನೂ ಸಪೂರ, ಚಕಮಕಿ ಕೋವಿ. ಕೇಪೂ ಇಲ್ಲ. ಕುದುರೆಯ ಬಾಯಲ್ಲಿ ಒಂದು ಚಕಮಕಿ ಕಲ್ಲು, ಎದುರಿಗೆ ಉಕ್ಕಿನ ತಗಡು, ಅದರಡಿ ಚಿಟಿಕೆ ಮದ್ದು ಹಿಡಿಯುವ ಬಟ್ಟಲು. ಕಲ್ಲು ಉಜ್ಜಿ ಕಿಡಿ ಬಟ್ಟಲಿಗೆ ಬಿದ್ದು, ಭಗ್ ಅಂದು, ಪಕ್ಕದ ತೂತಿನಿಂದ ಬೆಂಕಿ ಒಳಗೆ ಹೋಗಿ, ಆಮೇಲೆ ಢಂ. ಭಗ್ಗಿಗೂ ಢಂಗೂ ನಡುವೆ ಜಿಂಕೆ ಒಂದು ನಮಸ್ಕಾರ ಹಾಕಿ ಹೋಗುವಷ್ಟು ಪುರುಸೊತ್ತು ಇರುತ್ತದೆ.

ತಮಾಷೆ ಅಲ್ಲ. ಕೇಪು ಹುಟ್ಟಿದ್ದೇ ಈ ಪುರುಸೊತ್ತಿನ ತಕರಾರಿನಿಂದ. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫೋರ್ಸೈತ್ ಅಂತ ಒಬ್ಬ ಪಾದ್ರಿ. ಭಾನುವಾರ ಪ್ರವಚನ, ಮಿಕ್ಕ ದಿನ ಬಾತುಕೋಳಿ. ಬಟ್ಟಲಿನ ಬೆಂಕಿ ಮಿಂಚಿದ್ದೇ ಹಕ್ಕಿಗಳು ಎಚ್ಚೆತ್ತು ತಪ್ಪಿಸಿಕೊಳ್ಳುವುದನ್ನು ನೋಡಿ ನೋಡಿ ರೋಸಿ, ಏಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟು ಮಾಡಿಸಿದ. ಅದರ ಮರಿಮಕ್ಕಳೇ ನಮ್ಮ ಅಜ್ಜಯ್ಯನ ಬೀಡಿ ಡಬ್ಬಿಯಲ್ಲಿರುತ್ತಿದ್ದ ತಾಮ್ರದ ಕೇಪುಗಳು. ಪಾದ್ರಿಗಳಿಗೆ ಪುರುಸೊತ್ತು ಕೊಟ್ಟರೆ ಏನಾಗುತ್ತದೆ ನೋಡಿ.

ಅಳಿಯಂದಿರು ಫೋನಿನಲ್ಲಿ ಎಕ್ಸೆಲ್ ತೆರೆದರು. ಮೊದಲ ಸಾಲು: ಬಾಯಿಯ ಅಳತೆ. ಇದರಲ್ಲಿ ಜಗ್ಗಾಟ ಬೇಡ. ಅಮೆರಿಕದಲ್ಲಿ ಜಿಂಕೆಗೆ ಐವತ್ತು ಕ್ಯಾಲಿಬರು, ಅಂದರೆ ಅರ್ಧ ಅಂಗುಲ. ಗುಂಡು, ಮದ್ದು, ಸಾಮಾನು ಎಲ್ಲ ಅಂಗಡಿಯಲ್ಲೂ ಸಿಗುವುದು ಅದಕ್ಕೇ.

ಎರಡನೇ ಸಾಲು ನನ್ನ ತಲೆ ತಿರುಗಿಸಿತು. ತಲೆ ತಿರುಗಿಸುವುದೇ ಅದರ ಕೆಲಸವೂ ಹೌದು. ಅಜ್ಜಯ್ಯನ ಕೋವಿಯ ನಳಿಗೆ ಒಳಗೆ ನುಣ್ಣಗಿತ್ತು. ಚರೆ ಹಾಕಿ ಹೊಡೆಯುವ ಕೋವಿ. ರೈಫಲ್ ಅಂದರೆ ನಳಿಗೆಯ ಒಳಮೈಯಲ್ಲಿ ತಿರುಪಿನ ಗೀರು. ಗುಂಡು ಬುಗುರಿಯಂತೆ ತಿರುಗುತ್ತ ಹೊರಬಂದರೆ ನೆಟ್ಟಗೆ ಹೋಗುತ್ತದೆ. ಎಷ್ಟು ಬೇಗ ತಿರುಗಬೇಕು ಅನ್ನುವುದೇ ಲೆಕ್ಕ. ಬಟ್ಟೆ ಸುತ್ತಿದ ಉರುಟು ಸೀಸದ ಗುಂಡಿಗೆ ನಿಧಾನ ಸಾಕು, 66 ಅಂಗುಲಕ್ಕೆ ಒಂದು ಸುತ್ತು. ಪ್ಲಾಸ್ಟಿಕ್ಕಿನ ಲಂಗ ಉಟ್ಟ ಚೂಪು ಗುಂಡಿಗೆ ಅವಸರ, 28 ಅಂಗುಲಕ್ಕೇ ಒಂದು ಸುತ್ತು. ಎರಡನ್ನೂ ಹೊಡೆಯಬೇಕು ಅನ್ನುವ ಆಸೆಬುರುಕರಿಗೆ 48 ಅಂಗುಲದ್ದೂ ಇದೆ. ಎರಡು ಮನೆಯ ನೆಂಟನ ಹಾಗೆ, ಎಲ್ಲೂ ಪೂರ್ತಿ ಊಟ ಇಲ್ಲ. ಕೋವಿ ಕೊಳ್ಳುವ ಮೊದಲು ಗುಂಡು ಯಾವುದು ಅಂತ ತೀರ್ಮಾನ ಮಾಡಬೇಕು. ನಮ್ಮ ಜನ ಕೋವಿ ಕೊಂಡು ಆಮೇಲೆ ಗುಂಡು ಹುಡುಕುತ್ತಾರೆ. ಅಳಿಯಂದಿರೂ ಹಾಗೇ ಹೊರಟಿದ್ದರು.

ಮದ್ದಿನ ವಿಷಯಕ್ಕೆ ಬಂದಾಗ ಮಾತ್ರ ನಾನು ನಿಜವಾಗಿ ಕೆಲಸಕ್ಕೆ ಬಂದೆ. ಹುಡುಗ ತೊಂಬತ್ತು ಗ್ರೇನ್, ನೂರು ಗ್ರೇನ್ ಅನ್ನುತ್ತಿದ್ದ. ಅಳಿಯಂದಿರು ಗ್ರಾಮಿಗೆ ಬದಲಾಯಿಸಲು ಫೋನು ಒತ್ತುತ್ತಿದ್ದರು. "ತೊಂಬತ್ತು ಗ್ರೇನ್ ಅಂದರೆ ಅರ್ಧ ತೊಲ" ಅಂದೆ. ನಾನು ಸುಮ್ಮನೆ ಮೂವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲ ನೋಡಿಕೊಂಡವನಲ್ಲ. 1833ರಲ್ಲಿ ಕಂಪನಿ ಸರ್ಕಾರ ತೊಲಕ್ಕೆ 180 ಗ್ರೇನ್ ಅಂತ ಕಟ್ಟು ಮಾಡಿದ್ದು. ಅರ್ಧ ಅಂಗುಲದ ಕೋವಿಯ ಉರುಟು ಗುಂಡು 177 ಗ್ರೇನ್, ಹೆಚ್ಚುಕಡಿಮೆ ಒಂದು ತೊಲ. ಅರ್ಧ ತೊಲ ಮದ್ದು, ಒಂದು ತೊಲ ಸೀಸ. ಅಳಿಯಂದಿರು ನನ್ನನ್ನು ಆ ಅಂಗಡಿಯಲ್ಲಿ ಮೊದಲ ಸಲ ಗೌರವದಿಂದ ನೋಡಿದರು.

ಮದ್ದಿನ ಕಾಳಿನ ದಪ್ಪವನ್ನು ಅವರು ಎಫ್ ಅಕ್ಷರ ಎಣಿಸಿ ಹೇಳುತ್ತಾರೆ. ಒಂದು ಎಫ್ ದಪ್ಪ, ಎರಡು ಎಫ್ ಮಧ್ಯಮ, ಮೂರು ಸಣ್ಣ, ನಾಲ್ಕು ಪುಡಿ. ಇದು ಹೆಂಗಸರಿಗೆ ಹೇಳಿದ್ದರೆ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು: ಇಡ್ಲಿ ರವೆ, ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ. ಜಿಂಕೆಯ ಕೋವಿಗೆ ಉಪ್ಪಿಟ್ಟಿನ ರವೆ. ಕೆಲವರು ಚಿರೋಟಿಯನ್ನೂ ಹಾಕುತ್ತಾರೆ. ಚಕಮಕಿ ಕೋವಿಯ ಬಟ್ಟಲಿಗೆ ಮೈದಾ. ಅಳೆಯುವುದು ತಕ್ಕಡಿಯಲ್ಲಲ್ಲ, ಪಾವು ಸೇರಿನ ಹಾಗೆ ಅಳತೆಯ ಕೊಳವೆಯಲ್ಲಿ. ಬದಲಿ ಮದ್ದುಗಳು ಕರಿಮದ್ದಿಗಿಂತ ಹಗುರ. ಅವನ್ನು ತೂಗಿ ಹಾಕಿದರೆ ಅಳತೆ ಮೀರುತ್ತದೆ. ಇನ್ನು ಹೊಗೆ ಬರದ ಇವತ್ತಿನ ರೈಫಲ್ ಮದ್ದಿದೆಯಲ್ಲ, ಅದನ್ನು ಈ ಕೋವಿಗೆ ಚಿಟಿಕೆಯಷ್ಟೂ ಹಾಕುವಂತಿಲ್ಲ. ಹಾಕಿದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಜೊತೆಗೆ ಹಿಡಿದವನ ಕೈಯೂ. ಇದೊಂದರಲ್ಲಿ ಹರಟೆ ಇಲ್ಲ.

ಇಷ್ಟು ಹೊತ್ತಿಗೆ ಅಳಿಯಂದಿರ ಹಾಳೆ ಇನ್‌ಲೈನಿಗೆ 87, ಚಕಮಕಿಗೆ 41 ಅಂಕ ಕೊಟ್ಟಿತ್ತು. ಅಗ್ಗ. ಮುನ್ನೂರು ಡಾಲರಿನ ಆಸುಪಾಸಿಗೆ ಒಳ್ಳೆಯದೇ ಸಿಗುತ್ತದೆ. ಹಗುರ, ಮೂರು ಕೆಜಿಯ ಆಸುಪಾಸು. ನೂರೈವತ್ತು ಗಜಕ್ಕೂ ಏಟು. ಮಡಚಿ ತೆರೆಯುವ ಕೋವಿಗೆ ಎಡಗೈ ಬಲಗೈ ಅನ್ನುವ ಭೇದವೂ ಇಲ್ಲ. ಇದು ಮುಖ್ಯ, ಯಾಕೆಂದರೆ ನಮ್ಮ ಅಳಿಯಂದಿರು ಎಡಚರು. ಬಲಗೈಯವರ ಚಕಮಕಿ ಕೋವಿಯನ್ನು ಎಡಭುಜಕ್ಕೆ ಇಟ್ಟರೆ ಬಟ್ಟಲಿನ ಬೆಂಕಿ ಮೂಗಿನ ನೇರ ಎದುರಿಗೆ ಏಳುತ್ತದೆ. ಹುಬ್ಬಿನ ಕ್ಷೌರ ಉಚಿತ. ಎಡಗೈ ಮಾದರಿಗಳು ಇವೆ, ಹುಡುಕಬೇಕು, ಕಾಯಬೇಕು.

ಬಿಲ್ಲು ಮಾಡಿಸಲು ಹೊರಟಿದ್ದರು. ನಾನು ಹುಡುಗನನ್ನು, ನನ್ನ ಶಿವಮೊಗ್ಗದ ಇಂಗ್ಲಿಷಿನಲ್ಲಿ, ಒಂದೇ ಪ್ರಶ್ನೆ ಕೇಳಿದೆ: ಇದನ್ನು ಕ್ರಿಸ್‌ಮಸ್ಸಿನ ಮರುದಿನ ಕಾಡಿಗೆ ಒಯ್ಯಬಹುದೋ?

ಹುಡುಗ ಗಡ್ಡ ಕೆರೆದುಕೊಂಡ.

ಒಯ್ಯುವಂತಿಲ್ಲ! ಪೆನ್ಸಿಲ್ವೇನಿಯಾದ ಆ ಚಳಿಗಾಲದ ಬೇಟೆ 1974ರಲ್ಲಿ ಶುರುವಾದದ್ದು, ಅದು ಚಕಮಕಿ ಕೋವಿಯವರಿಗೆ ಮೀಸಲು. ಕೇಪೂ ನಡೆಯದು, ಇನ್‌ಲೈನೂ ನಡೆಯದು. ಅಳಿಯಂದಿರ ಕೋವಿ ಅಕ್ಟೋಬರಿನ ಒಂದು ವಾರ ಹೊರಗೆ ಬಂದು, ರೈಫಲ್ಲಿನವರ ಜಾತ್ರೆಯಲ್ಲಿ ಒಂದು ಸುತ್ತು ಹಾಕಿ, ಮೂಲೆ ಸೇರಬೇಕಾಗಿತ್ತು. ಚಕಮಕಿಯಾದರೆ ಅಕ್ಟೋಬರಿಗೂ ಆಯಿತು, ಡಿಸೆಂಬರಿಗೂ ಆಯಿತು. ಎಕ್ಸೆಲ್ಲಿನಲ್ಲಿ ಇಪ್ಪತ್ತಾರು ಕಾಲಮ್ಮು ಇದ್ದವು, ಕಾನೂನಿನ ಕಾಲಮ್ಮು ಒಂದಿರಲಿಲ್ಲ. ಬೇರೆ ರಾಜ್ಯಗಳಲ್ಲೂ ಇದೇ ಪಂಚಾಯಿತಿ. ಕೊಲರಾಡೊದಲ್ಲಿ ಈ ಕೋವಿಯವರ ದಿನಗಳಲ್ಲಿ ದುರ್ಬೀನು ಕೂಡದು, ಗುಳಿಗೆ ಮದ್ದು ಕೂಡದು, ಪ್ಲಾಸ್ಟಿಕ್ ಲಂಗ ಕೂಡದು. ಐಡಾಹೊದಲ್ಲಿ 209 ಪ್ರೈಮರೂ ಕೂಡದು. ಊರು ಯಾವುದು, ದಿನ ಯಾವುದು ಅಂತ ಮೊದಲು ನೋಡಿ, ಆಮೇಲೆ ಕೋವಿಯ ಮುಖ ನೋಡಬೇಕು. ಬಹಳಷ್ಟು ಕಡೆ ಮೊದಲ ಕೋವಿಗೆ ಇನ್‌ಲೈನೇ ಜಾಣತನ, ಅದನ್ನು ನಾನೂ ಒಪ್ಪುತ್ತೇನೆ. ಪೆನ್ಸಿಲ್ವೇನಿಯಾ ಮಾತ್ರ ಹಟಮಾರಿ. ಹಟಕ್ಕೆ ಕಾರಣವೂ ಇದೆ. ಕೆಂಟಕಿ ರೈಫಲ್ ಅಂತ ಲೋಕ ಕೊಂಡಾಡುವ ಉದ್ದ ನಳಿಗೆಯ ಚಕಮಕಿ ಕೋವಿ ರೂಪುಗೊಂಡದ್ದು ಅಲ್ಲಿನ ಲ್ಯಾಂಕಾಸ್ಟರ್ ಸೀಮೆಯ ಜರ್ಮನ್ ಕಮ್ಮಾರರ ಕೈಯಲ್ಲಿ. ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರಿಗೆ. ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ ಸುತ್ತಲಿನ ಊರುಗಳ ಹೊಲದಿಂದ ಬರುತ್ತದಲ್ಲ, ಹಾಗೆ.

ಮನೆಗೆ ಬಂದು ಎಡಗೈಯವರ ಚಕಮಕಿ ಕೋವಿಗೆ ಆರ್ಡರು ಹಾಕಿದ್ದಾಯಿತು. ಇನ್‌ಲೈನಿನ ದುಡ್ಡಿನ ಎರಡರಷ್ಟನ್ನೂ ಮೀರಿತು. ಆಮೇಲೆ ಅದರ ಪರಿವಾರ ಬರತೊಡಗಿತು: ಮದ್ದಿನ ಕೊಂಬು, ಅಳತೆಯ ಕೊಳವೆ, ಚಕಮಕಿ ಕಲ್ಲು ಒಂದು ಡಜನ್, ಕಲ್ಲಿಗೆ ಸುತ್ತುವ ಚರ್ಮ, ಗುಂಡಿಗೆ ಸುತ್ತಲು ಪಟ್ಟೆಪಟ್ಟೆ ದಿಂಬಿನ ಬಟ್ಟೆ, ತೂತು ಚುಚ್ಚುವ ಸೂಜಿ. ಬದಲಿ ಮದ್ದು ಕೇಳಿದಲ್ಲಿ ಸಿಗುತ್ತದೆ, ಆದರೆ ಚಕಮಕಿಯ ಕಿಡಿಗೆ ಅದು ಸುಲಭವಾಗಿ ಹೊತ್ತುವುದಿಲ್ಲ. ನಿಜವಾದ ಕರಿಮದ್ದು ಸ್ಫೋಟಕದ ಲೆಕ್ಕಕ್ಕೆ ಬರುವುದರಿಂದ ಇಡುವ ಅಂಗಡಿ ಕಡಿಮೆ. ಅದಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದೆವು. ದಿನಾ ಒಂದು ಪಾರ್ಸೆಲ್ಲು. ಮಗಳು ಮಗುವಿನ ಡೈಪರ್ ಬಂತು ಅಂತ ಬಾಗಿಲು ತೆರೆದರೆ ಸೀಸದ ಗುಂಡು.

ನಾಲ್ಕನೇ ಪಾರ್ಸೆಲ್ಲಿನ ದಿನ ಅವಳು ಆ ಪ್ರಶ್ನೆ ಕೇಳಿದಳು.

"ಅಪ್ಪಯ್ಯ, ಅಜ್ಜಯ್ಯನ ಕೋವಿ ತೊಳೆಯುತ್ತಿದ್ದದ್ದು ಯಾರು?"

ನಾನು ಕೆಮ್ಮಿದೆ. ಕರಿಮದ್ದು ಸುಟ್ಟ ಮಸಿಗೆ ನೀರು ಹೀರುವ ಗುಣ. ಒಂದು ರಾತ್ರಿ ಬಿಟ್ಟರೂ ನಳಿಗೆಗೆ ತುಕ್ಕು ಹತ್ತಿಕೊಳ್ಳುತ್ತದೆ. ಹೊಡೆದ ದಿನವೇ ಬಿಸಿನೀರು, ಸೋಪು ಹಾಕಿ, ಬಟ್ಟೆ ಬೆಳ್ಳಗೆ ಬರುವವರೆಗೆ ತಿಕ್ಕಿ, ಒರೆಸಿ, ಒಣಗಿಸಿ, ಎಣ್ಣೆ ಸವರಬೇಕು. ಕೊಳೆತ ಮೊಟ್ಟೆಯ ವಾಸನೆ ಮನೆಯಿಡೀ. ಅಜ್ಜಯ್ಯ ಹೊಡೆಯುತ್ತಿದ್ದದ್ದು ನಿಜ, ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದದ್ದೂ ನಿಜ. ಬಚ್ಚಲ ಹಂಡೆಯ ಮುಂದೆ ಕೂತು ಕೋವಿ ತಿಕ್ಕುತ್ತಿದ್ದದ್ದು ಅಜ್ಜಮ್ಮ.

"ನಮ್ಮ ಮನೆಯಲ್ಲಿ ಅಜ್ಜಮ್ಮ ಇಲ್ಲ" ಅಂದಳು ಮಗಳು. ಅಳಿಯಂದಿರ ಎಕ್ಸೆಲ್ಲಿನಲ್ಲಿ 'ತೊಳೆಯುವ ಸುಲಭ' ಅಂತ ಒಂದು ಕಾಲಮ್ಮು ಇತ್ತು, ತೊಳೆಯುವವರ ಹೆಸರಿನ ಜಾಗ ಖಾಲಿ. ಮನೆಯಲ್ಲಿ ಕಸದ ಡಬ್ಬಿ ಎಳೆಯುವುದು ಬಿಟ್ಟು ಬೇರೆ ಕೆಲಸ ಇಲ್ಲದ ಗಂಡಸು ಒಬ್ಬನೇ ಇದ್ದ. ಮೂವರೂ ಅವನ ಕಡೆ ನೋಡಿದರು.

ಹೊಡೆದು ಕಲಿಯುವ ಮೈದಾನಕ್ಕೆ ಹೋದ ಮೊದಲ ದಿನ ನನ್ನ ಅನುಭವಕ್ಕೆ ಬಹಳ ಬೆಲೆ ಇತ್ತು. ಕಲ್ಲುಬೆಂಚಿನ ಮೇಲೆ ಕೂತು ಅಜ್ಜಯ್ಯನ ಮಂತ್ರ ಹೇಳಿದೆ: ಮದ್ದು, ಬಟ್ಟೆ, ಗುಂಡು, ಗಜ. ಗಜ ಅಂದರೆ ಆನೆ, ಗಜ ಅಂದರೆ ಮೂರಡಿ. ನಮ್ಮ ಕಡೆ ಕೋವಿಗೆ ಜಡಿಯುವ ಕಡ್ಡಿಯೂ ಗಜವೇ. ಅಜ್ಜಯ್ಯ ದಿಂಬಿನ ಬಟ್ಟೆ ಎಲ್ಲಿಂದ ತರಬೇಕು, ತೆಂಗಿನ ನಾರು ತುರುಕುತ್ತಿದ್ದರು. ಅಳಿಯಂದಿರು ಪ್ರತಿಯೊಂದನ್ನೂ ಪಟ್ಟಿಯಲ್ಲಿ ಟಿಕ್ ಮಾಡುತ್ತ, ಬಟ್ಟೆಗೆ ಜಿಡ್ಡು ಸವರಿ, ಗುಂಡು ಸುತ್ತಿ, ಗಜದಿಂದ ಜಡಿದು, ಬಟ್ಟಲಿಗೆ ಮೈದಾ ಸುರಿದು, ಗುರಿ ಹಿಡಿದು ಎಳೆದರು. ಭಗ್. ಆಮೇಲೆ ಏನೂ ಇಲ್ಲ. ಹಾಗಾದಾಗ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಅಲ್ಲಾಡದೆ ಕಾಯಬೇಕು. ಒಳಗೆ ಕಿಡಿ ಕೂತಿದ್ದು ತಡವಾಗಿ ಹೊತ್ತುವುದುಂಟು. ಕಾದೆವು. ಮತ್ತೆ ಭಗ್, ಮತ್ತೆ ಮೌನ. ಪಕ್ಕದ ಬೆಂಚಿನ ಮುದುಕ ಬಂದು ಗಜವನ್ನು ನಳಿಗೆಗೆ ಇಳಿಬಿಟ್ಟು, ತುಂಬಿದ ಮಟ್ಟ ತಿಳಿಯಲು ಗಜದ ಮೇಲೆ ನಾವೇ ಹಾಕಿದ್ದ ಗೀರು ನೋಡಿ ನಕ್ಕ. ಪಟ್ಟಿಯಲ್ಲಿ ಎಲ್ಲ ಟಿಕ್ಕೂ ಆಗಿತ್ತು, ಮದ್ದು ಮಾತ್ರ ಹಾಕಿರಲಿಲ್ಲ. ಅವನು ಪಕ್ಕದ ತೂತಿನಿಂದ ನಾಲ್ಕು ಕಾಳು ಸಣ್ಣ ಮದ್ದು ಒಳಗೆ ತಳ್ಳಿ, ಗುಂಡನ್ನು ಮತ್ತೆ ಕೆಳಗೆ ಒತ್ತಿ, ಪುಸ್ಸೆಂದು ಹೊರಗೆ ಹಾರಿಸಿಕೊಟ್ಟ. ಇದು ಎಲ್ಲರಿಗೂ ಆಗುವಂಥದ್ದೇ ಅಂತ ಸಮಾಧಾನವನ್ನೂ ಹೇಳಿದ. ಮಂತ್ರ ಹೇಳಿಕೊಟ್ಟ ಪುರೋಹಿತರು ನಾನು. ನಾನು ದೂರದ ಮೋಡ ನೋಡುತ್ತಿದ್ದೆ.

ಅಕ್ಟೋಬರಿನ ವಾರ ಆಫೀಸಿನ ಕೆಲಸದಲ್ಲಿ ಹೋಯಿತು. ಡಿಸೆಂಬರ್ 26ರ ಬೆಳಿಗ್ಗೆ, ಇನ್ನೂ ಕತ್ತಲಿರುವಾಗ ಹೊರಟರು. ಹಿಮ ಬೀಳುತ್ತಿತ್ತು. ನಳಿಗೆಗೆ ನೀರು ಹೋಗದಿರಲಿ ಅಂತ ಬಾಯಿಗೆ ಒಂದು ಬಲೂನು ಕಟ್ಟಿಕೊಂಡಿದ್ದರು. ಅಲ್ಲಿ ಹಾಗೊಂದು ರೂಢಿ ಇದೆ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುತ್ತಾರೆ. ಇವರು ಬಲೂನು ಕಟ್ಟುತ್ತಾರೆ. ಕೆಂಪು ಬಣ್ಣದ್ದು, ಮಗುವಿನ ನಾಮಕರಣದಲ್ಲಿ ಉಳಿದದ್ದು.

ಸಂಜೆ ಬಂದರು. ಜಿಂಕೆ ಬಂದಿತ್ತಂತೆ. ನಲವತ್ತು ಗಜ. ಅಡ್ಡ ನಿಂತಿತ್ತಂತೆ. ಎಳೆದಾಗ ಕಲ್ಲು ಕಿಡಿ ಕೊಟ್ಟಿತು, ಬಟ್ಟಲಿನ ಮದ್ದು ಹಿಮಕ್ಕೆ ತೇವವಾಗಿ ಹಿಟ್ಟಿನ ಹಾಗೆ ಕೂತಿತ್ತು. ಜಿಂಕೆ ತಲೆ ಎತ್ತಿ ನೋಡಿ, ಬಾಲದ ಬಿಳಿ ಎತ್ತಿ, ಅವಸರವಿಲ್ಲದೆ ಹೋಯಿತಂತೆ. ಒಳಗಿನ ಮದ್ದನ್ನು ಕೊನೆಗೆ ಒಣ ಮದ್ದು ಹಾಕಿ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿದರಂತೆ. ಅಷ್ಟು ಹೇಳಿ ಅಳಿಯಂದಿರು ಕಾಫಿ ಕುಡಿದು ಮಲಗಿದರು. ಅರ್ಧ ತೊಲ ಮದ್ದು ಸುಟ್ಟಿತ್ತಲ್ಲ, ರಾತ್ರಿ ಬಚ್ಚಲಿನಲ್ಲಿ ಬಿಸಿನೀರು ಬಿಟ್ಟುಕೊಂಡು ಕೂತವನು ನಾನು. ನಮ್ಮನೆಯವಳು ಬಾಗಿಲಲ್ಲಿ ನಿಂತು, "ಥೇಟ್ ಅಜ್ಜಮ್ಮನ ಹಾಗೇ ಕಾಣ್ತೀರಿ" ಅಂದಳು.

ಇದನ್ನು ಓದುವವರಲ್ಲಿ ಯಾರಿಗಾದರೂ ಆ ಕಡೆ ಮಗಳಿದ್ದರೆ, ಅಳಿಯಂದಿರು ಊಟಕ್ಕೆ ಕೂತಾಗ ಕೋವಿಯ ಮಾತು ತೆಗೆದರೆ, ದಯವಿಟ್ಟು ಅಜ್ಜಯ್ಯನ ಸುದ್ದಿ ಎತ್ತಬೇಡಿ. ಬುಧವಾರ ಡಬ್ಬಿ ಎಳೆದು ಇಡಿ, ಗುರುವಾರ ಎಳೆದು ತನ್ನಿ, ಸುಮ್ಮನಿದ್ದುಬಿಡಿ.